ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ

ಪ್ರಶ್ನೆ: ಅಪ್ಪ ಬಿಟ್ಟುಹೋದ 1988ರ ಟೂ ಸ್ಟ್ರೋಕ್ ಬೈಕು. ವಾರಕ್ಕೊಂದು ರಿಪೇರಿ. ಕ್ಲಚ್ ಕೇಬಲ್, ಪ್ಲಗ್, ಪಾಯಿಂಟ್ (ಪ್ಲಗ್‌ನಲ್ಲಿ ಕಿಡಿ ಬರಲು ತೆರೆದು ಮುಚ್ಚುವ ಸ್ವಿಚ್ಚು) ಎಲ್ಲ ಬದಲಾಯಿಸಿದೆ. ಈಗ ನಾಲ್ಕೈದು ಕಿಲೋಮೀಟರ್ ಓಡಿ ನಿಂತುಬಿಡುತ್ತೆ. ಹತ್ತು ನಿಮಿಷ ಬಿಟ್ಟರೆ ಒಂದೇ ಕಿಕ್‌ಗೆ ಸ್ಟಾರ್ಟ್! ಗುಜರಿಗೆ ಹಾಕಿ ಅಂತಾಳೆ ಹೆಂಡತಿ. ಏನ್ಮಾಡಲಿ ಸಾರ್?
– ಓದುಗ, ಅರಸೀಕೆರೆ

ಉತ್ತರ: ಗುಜರಿ ಮಾತು ಆಮೇಲೆ. ಮುಂದಿನ ಸಲ ನಿಂತ ಕೂಡಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ‘ಸುಯ್’ ಅಂತ ಗಾಳಿ ಒಳಗೆಳೆದುಕೊಂಡರೆ ಕಳ್ಳ ಸಿಕ್ಕ ಹಾಗೆ. ಮುಚ್ಚಳದಲ್ಲಿರುವ ಗಾಳಿತೂತು ಕಟ್ಟಿಕೊಂಡಿದೆ, ಅದಕ್ಕೇ ಪೆಟ್ರೋಲ್ ಇಳಿಯುತ್ತಿಲ್ಲ. ಮುಚ್ಚಳ ಕಳಚಿ, ಪಿನ್ನು ಹಾಕಿ ಬಿಡಿಸಿ. ಇದೇ ರೋಗಕ್ಕೆ ನಾನು ಎರಡು ಸಲ ಕಾರ್ಬುರೇಟರ್ ಬಿಚ್ಚಿದ್ದೆ, ಹೇಳಿಕೊಳ್ಳೋಕೆ ನಾಚಿಕೆ.

ಸದ್ದು ಬರದಿದ್ದರೆ, ಪಾಯಿಂಟ್ ಸುಡದಂತೆ ಕಾಯುವ ಪುಟ್ಟ ಬಿಡಿಭಾಗ ಕಂಡೆನ್ಸರ್ ಮೇಲೆ ನನ್ನ ಅನುಮಾನ. ಹೊಸ ಪಾಯಿಂಟೂ ಬೇಗನೆ ಸುಟ್ಟು ಕಪ್ಪಾಗಿದ್ದರೆ ಬಹುತೇಕ ಅದೇ. ಪಾಯಿಂಟ್ ಗ್ಯಾಪ್ (ತೆರೆದಾಗಿನ ಸಂದು) ಸಾಮಾನ್ಯವಾಗಿ 0.4 ಮಿ.ಮೀ. ಆಸುಪಾಸು, ಸಂದು ಅಳೆಯುವ ತೆಳು ಪಟ್ಟಿ ಫೀಲರ್ ಗೇಜ್ ಇಟ್ಟೇ ನೋಡಿ, ಬ್ಲೇಡ್ ತೂರಿಸಿ ಅಂದಾಜು ಮಾಡಬೇಡಿ.

ಕ್ಲಚ್ ಕೇಬಲ್ ಲಿವರ್ ಹತ್ತಿರವೇ ತುಂಡಾಗುತ್ತಾ? ಅಲ್ಲಿ ಗ್ರೀಸ್ ಒಣಗಿರುತ್ತೆ. ಒಂದು ಕೇಬಲ್, ಒಂದು ಪ್ಲಗ್ ಸದಾ ಡಬ್ಬದಲ್ಲಿರಲಿ. ಮನೆಯವರನ್ನು ಹಿಂದೆ ಕೂರಿಸಿಕೊಳ್ಳೋದು ಮಾತ್ರ ರಿಪೇರಿ ಆದ ಮೇಲೆ!