ಪ್ರತಿಕ್ರಿಯೆ: ಹುಡುಗ ಟೆನಿಸ್ ಡಬಲ್ಸ್ ಆಟಗಾರ ಆಗಬೇಕು ಅಂತಾನೆ, ಆದರೆ ಡಬಲ್ಸೇ ಸೋಲುತ್ತಾನೆ. 16ನೇ ವಯಸ್ಸಿಗೆ ಸಿಂಗಲ್ಸ್ ಬಿಡಿಸಲಾ?

ನಿಮ್ಮ ಹುಡುಗ ಡಬಲ್ಸ್ ಸೋಲೋದಕ್ಕೆ ಸರ್ವ್ ಮಾಡಿ ಹಿಂದೆಯೇ ನಿಂತುಬಿಡೋದು ಕಾರಣ ಇರಬೇಕು. ಆಟ ನೋಡದೆ ಹೇಳುತ್ತಿದ್ದೇನೆ, ಆದರೆ ಸಿಂಗಲ್ಸ್ ಹುಡುಗರಿಗೆ ಈ ಚಾಳಿ ಜಾಸ್ತಿ. ನನ್ನ ಮಗನಿಗೂ ಇತ್ತು.

ಮೊದಲು ಎರಡನೇ ಸರ್ವ್ (ಮೊದಲನೇದು ತಪ್ಪಿದಾಗ ಹೊಡೆಯೋದು) ಗಟ್ಟಿ ಮಾಡಿಸಿ. ಆಮೇಲೆ ಸರ್ವ್ ಆದ ಕೂಡಲೇ ನೆಟ್ ಕಡೆ ಓಡಲಿ. ಎದುರಾಳಿ ಹೊಡೆಯೋ ಹೊತ್ತಿಗೆ ಎರಡೂ ಕಾಲಲ್ಲಿ ಸಣ್ಣಗೆ ಕುಪ್ಪಳಿಸಿ ನಿಲ್ಲಬೇಕು. ನಮ್ಮವನು ನಿಲ್ಲದೆ ನುಗ್ಗುತ್ತಿದ್ದ. ಪಾದದ ಹತ್ತಿರ ಬಂದ ಚೆಂಡೆಲ್ಲ ನೆಟ್‌ಗೇ ಹೋಗುತ್ತಿತ್ತು. ಮಧ್ಯದ ಚೆಂಡು ಯಾರದು ಅಂತ ಜೊತೆಗಾರನ ಹತ್ತಿರ ಮೊದಲೇ ಮಾತಾಡಿಕೊಳ್ಳಲಿ. ಶಿವಮೊಗ್ಗದ ಮಳೆಗೆ ಕೋರ್ಟ್ ಒದ್ದೆ ಇದ್ದರೆ ಜಗಲಿ ಗೋಡೆಗೆ ವಾಲಿ (ಚೆಂಡು ನೆಲಕ್ಕೆ ಬೀಳೋ ಮೊದಲೇ ಹೊಡೆಯೋದು) ಹೊಡೆಸಿ, ಮನೆಯಲ್ಲಿ ಬೈಸಿಕೊಂಡರೂ ಸರಿ.

ಸಿಂಗಲ್ಸ್ ಈಗಲೇ ಬಿಡಿಸಬೇಡಿ. ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ 43 ವರ್ಷ. ಮೊದಲು ಅವರೂ ಸಿಂಗಲ್ಸ್ ಆಡಿದವರೇ ಅಲ್ವಾ?