ಯಾವ ಸ್ಮಾರ್ಟ್ ಎಂದು ಕೇಳಿ

ಸಿಂಧನೂರಿನಿಂದ ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರ ಇಷ್ಟು: "ಮಗಳು ಎಂಟನೇ ತರಗತಿ. ಲೆಕ್ಕದಲ್ಲಿ ಎಲ್ಲರಿಗಿಂತ ಮುಂದು. ಪಾಲಕರ ಸಭೆಯಲ್ಲಿ ಟೀಚರ್, 'ಚೆನ್ನಾಗಿ ಓದ್ತಾಳೆ, ಆದ್ರೆ ಸ್ಮಾರ್ಟ್ ಇಲ್ಲ' ಅಂದ್ರು. ಅವತ್ತಿನಿಂದ ಮಗಳು ಮಂಕಾಗಿದ್ದಾಳೆ. ಸ್ಮಾರ್ಟ್ ಅಂದ್ರೆ ಬುದ್ಧಿವಂತೆ ಅಂತ ಅಲ್ವಾ? ಈ ಪದ ಎಲ್ಲಿಂದ ಬಂತು? ಓವರ್ ಸ್ಮಾರ್ಟ್ ಅಂತ ಬೈತಾರಲ್ಲ, ಅದೂ ಇದೇನಾ?"

ಅಕ್ಕಾವರೇ, ಈ ಪದಕ್ಕೆ ನಾಲ್ಕೈದು ಅರ್ಥಗಳಿವೆ. ಟೀಚರ್ ಅದರಲ್ಲಿ ಯಾವುದನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದರೋ ಆ ಒಂದು ಮಾತಿನಿಂದ ತಿಳಿಯುವುದಿಲ್ಲ. ಹಾಗಾಗಿ ಮೊದಲು ಮಗಳನ್ನು ಕೂರಿಸಿಕೊಂಡು, ನೀನು ದಡ್ಡಿ ಎಂದು ಯಾರೂ ಹೇಳಿಲ್ಲ ಎನ್ನಿ.

ಪದದ ಮೂಲದಲ್ಲಿ ಇರುವುದು ನೋವು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಇದರ ಹಳೆಯ ರೂಪಕ್ಕೆ ಚುಚ್ಚುವಂಥದ್ದು, ಉರಿಯುವಂಥದ್ದು ಎಂಬ ಅರ್ಥವಿತ್ತು. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ನೋವಿಗೆ 'ಶ್ಮೆರ್ತ್ಸ್' ಎನ್ನುತ್ತಾರೆ. ಅದೂ ಇದೇ ಬಳಗದ್ದು. ಇಂಗ್ಲಿಷಿನಲ್ಲೂ ಆ ಅರ್ಥ ಸತ್ತಿಲ್ಲ, ಕ್ರಿಯಾಪದವಾಗಿ ಬದುಕಿದೆ. ಮೆಣಸಿನಕಾಯಿ ಕುಟ್ಟುವಾಗ ಕಣ್ಣು ಉರಿದರೆ 'ಮೈ ಐಸ್ ಆರ್ ಸ್ಮಾರ್ಟಿಂಗ್' ಎನ್ನಬಹುದು. ಮಗಳಿಗೆ ಈ ವಾಕ್ಯ ಹೇಳಿಕೊಡಿ. ಪಾಠದ ಪುಸ್ತಕದಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಉರಿಗೂ ಬುದ್ಧಿಗೂ ಎಲ್ಲಿಯ ನಂಟು ಅಂತೀರಾ? ನಮ್ಮ 'ಚುರುಕು' ನೋಡಿ. ರಾಯಚೂರಿನಲ್ಲಿ ಏಪ್ರಿಲ್ ಬಿಸಿಲು ಚುರುಕು. ಕಾದ ಹಂಚಿಗೆ ಬೆರಳು ತಾಗಿದರೆ ಚುರುಕ್ ಎನ್ನುತ್ತದೆ. ಮಾತಿನಲ್ಲೇ ಚುರುಕು ಮುಟ್ಟಿಸುವವರಿದ್ದಾರೆ. ಅದೇ ಬಾಯಲ್ಲಿ 'ಹುಡುಗಿ ಭಾಳ ಚುರುಕು' ಎಂದು ಮೆಚ್ಚುತ್ತೇವೆ. ಇಂಗ್ಲಿಷಿನ ಪದವೂ ಹೀಗೇ ನಡೆದು ಬಂತು. ಚುಚ್ಚುವ ಏಟು, ಆಮೇಲೆ ಚುಚ್ಚುವ ಮಾತು, ಥಟ್ಟನೆ ಅಂಥ ಮಾತಾಡಬಲ್ಲವನು, ಕೊನೆಗೆ ಜಾಣ. ಎರಡೂ ಬೇರೆ ಬೇರೆ ಕುಲದ ಭಾಷೆಗಳು. ಆದರೂ ಅಲ್ಲಿಯವರಿಗೂ ಇಲ್ಲಿಯವರಿಗೂ ಹೊಳೆದದ್ದು ಒಂದೇ. ಇಂಥದ್ದು ಕಂಡಾಗ ನನಗೆ ಆಗುವ ಖುಷಿ ಅಷ್ಟಿಷ್ಟಲ್ಲ.

18ನೇ ಶತಮಾನದಲ್ಲಿ ಇನ್ನೊಂದು ಅರ್ಥ ಸೇರಿತು: ಒಪ್ಪವಾಗಿ ಬಟ್ಟೆ ಹಾಕಿಕೊಂಡವರು. ಇಂಗ್ಲೆಂಡಿನಲ್ಲಿ ಇವತ್ತಿಗೂ ಇಸ್ತ್ರಿ ಮಾಡಿದ ಕೋಟು ಹಾಕಿದವರನ್ನು ಸ್ಮಾರ್ಟ್ ಎನ್ನುತ್ತಾರೆ. ಅಮೆರಿಕದಲ್ಲಿ ಸ್ಮಾರ್ಟ್ ಎಂದರೆ ಹೆಚ್ಚಾಗಿ ಬುದ್ಧಿವಂತರು. ನಮ್ಮಲ್ಲಿ ಎರಡೂ ಕಲಸಿಹೋಗಿವೆ. ಅದಕ್ಕೇ ತೊಂದರೆ. ನೋಡೋಕೆ ಚೆನ್ನಾಗಿರುವವನೂ ಸ್ಮಾರ್ಟ್, ಪಟಪಟ ಇಂಗ್ಲಿಷ್ ಮಾತಾಡುವವಳೂ ಸ್ಮಾರ್ಟ್. ಸುಮ್ನೆ ಕೂತು ಕಷ್ಟದ ಲೆಕ್ಕ ಬಿಡಿಸುವ ಮಗುವಿಗೆ ಮಾತ್ರ ಆ ಪದ ಸಿಗುವುದಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಯಂತ್ರಗಳಿಗೆ ಈ ಪದ ಅಂಟಿದ್ದು ತೀರಾ ಈಚೆಗೆ. 1970ರ ದಶಕದ ಆರಂಭದಲ್ಲಿ, ವಿಯೆಟ್ನಾಂ ಯುದ್ಧದ ಹೊತ್ತಿಗೆ, ಗುರಿ ಹುಡುಕಿ ಬೀಳುವ ಬಾಂಬನ್ನು ಸ್ಮಾರ್ಟ್ ಬಾಂಬ್ ಎಂದರು. ಆಮೇಲೆ ಕಾರ್ಡು, ಫೋನು, ಮೀಟರು. 2015ರಲ್ಲಿ ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಯೋಜನೆ ಶುರು ಮಾಡಿತು. ಅದಕ್ಕೆ ಆರಿಸಿದ 100 ನಗರಗಳಲ್ಲಿ ಕರ್ನಾಟಕದವು 7. ಬಳ್ಳಾರಿ, ರಾಯಚೂರು, ಕೊಪ್ಪಳ ಯಾವುದೂ ಇಲ್ಲ. ಹಾಗಂತ ಇಲ್ಲಿಯ ಜನ ದಡ್ಡರಾಗಲಿಲ್ಲ. ಅಲ್ಲಿ ಸ್ಮಾರ್ಟ್ ಎಂಬುದು ಒಂದು ಯೋಜನೆಯ ಹೆಸರು, ಅಷ್ಟೇ.

'ಹಾರ್ಡ್ ವರ್ಕ್ ಬೇಡ, ಸ್ಮಾರ್ಟ್ ವರ್ಕ್ ಮಾಡಿ' ಎಂಬ ಮಾತನ್ನೂ ಮಕ್ಕಳಿಗೆ ಜಾಸ್ತಿ ಹೇಳುತ್ತಿದ್ದೇವೆ. ನಿಮ್ಮೂರಿನ ಸುತ್ತ ತುಂಗಭದ್ರಾ ಕಾಲುವೆ ನೀರಲ್ಲಿ ಬಗ್ಗಿ ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳಿದ್ದಾರೆ. ಸಸಿಗೂ ಸಸಿಗೂ ಎಷ್ಟು ಅಂತರ ಬಿಡಬೇಕೆಂದು ಅವರ ಕೈಗೇ ಗೊತ್ತು. ಅವರ ದುಡಿಮೆಯಲ್ಲಿ ಶ್ರಮ ಯಾವುದು, ಜಾಣತನ ಯಾವುದು ಎಂದು ಬೇರೆ ಮಾಡೋಕೆ ಆಗುತ್ತಾ?

ಓವರ್ ಸ್ಮಾರ್ಟ್ ಬಗ್ಗೆ ಕೇಳಿದ್ದೀರಿ. ಹೌದು, ಅದೂ ಇದೇ. ಆದರೆ ಆ ಜೋಡಿ ಭಾರತದಲ್ಲೇ ಜಾಸ್ತಿ ಓಡಾಡುವ ಮಾತು. ಎದುರುತ್ತರ ಕೊಡುವವರಿಗೆ ಇಂಗ್ಲಿಷಿನವರು 'ಡೋಂಟ್ ಗೆಟ್ ಸ್ಮಾರ್ಟ್ ವಿತ್ ಮಿ' ಎನ್ನುತ್ತಾರೆ. ಹಳೆಯ ಚುಚ್ಚುವ ಗುಣ ಅಲ್ಲಿ ಇನ್ನೂ ಇದೆ.

ಈಗ ಮಾಡಬೇಕಾದ್ದು. ಶಾಲೆಗೆ ಹೋಗಿ ಟೀಚರ್ ಹತ್ತಿರ ನೇರವಾಗಿ ಕೇಳಿ: "ಯಾವುದರಲ್ಲಿ ಸ್ಮಾರ್ಟ್ ಇಲ್ಲ ಮೇಡಂ?" ಜಗಳದ ದನಿ ಬೇಡ. ಯೂನಿಫಾರ್ಮ್ ವಿಷಯವಾದರೆ ಒಂದು ವಾರದಲ್ಲಿ ಸರಿಯಾಗುತ್ತದೆ. ತರಗತಿಯಲ್ಲಿ ಬಾಯಿ ಬಿಡುವುದಿಲ್ಲ ಎಂದರೆ ಅದಕ್ಕೆ ರೂಢಿ ಬೇಕು. ದಿನಾ ಸಂಜೆ ಓಣಿಯ ಚಿಕ್ಕ ಮಕ್ಕಳಿಗೆ ಒಂದು ಲೆಕ್ಕ ಜೋರಾಗಿ ಹೇಳಿಕೊಡಲಿ. ಮಗಳ ಬಗ್ಗೆ ಬೇರೆಯವರು ಕೇಳಿದರೆ ನೀವು ನಮ್ಮ ಕಡೆಯ ಮಾತಲ್ಲೇ 'ಶಾಣ್ಯಾಕಿ ಅದಾಳ' ಎನ್ನಿ, ಅವಳಿಗೆ ಕೇಳುವಂತೆ. ಟೀಚರ್ ಏನೆಂದರು ಎಂದು ಮತ್ತೆ ಬರೆಯಿರಿ. ಮಗಳ ಕೈಲೇ ಬರೆಸಿದರೆ ಇನ್ನೂ ಸಂತೋಷ.

— ಸಂಪಾದಕ