ಹತ್ತು ಗಂಟೆ ಕೆಲಸ, ಹಳೇ ಬೆನಿಫಿಟ್, ಹೊಸ ಕಾಗದ

ಬ್ರಿಟನ್‌ನಲ್ಲಿರುವ ಓದುಗರಿಂದ ಈ ಸಲ ಬೆನಿಫಿಟ್, ಅಂದರೆ ಸರ್ಕಾರ ಕೊಡುವ ನೆರವಿನ ಹಣದ ಪ್ರಶ್ನೆಗಳೇ ಜಾಸ್ತಿ ಬಂದಿವೆ. ಮೂರನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು, ಅದು ಹಲವರ ಪ್ರಶ್ನೆ. ಇಲ್ಲಿರುವ ಮೊತ್ತ, ಮಿತಿ, ಲೆಕ್ಕಗಳೆಲ್ಲ 2025-26ರ ದರದವು.

ಪ್ರಶ್ನೆ: ನನಗೆ 48 ವರ್ಷ. ಊರು ಸಾಗರದ ಹತ್ತಿರ. ಈಗ ಲೆಸ್ಟರ್‌ನಲ್ಲಿ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ, ಬ್ರಿಟಿಷ್ ಪಾಸ್‌ಪೋರ್ಟ್ ಇದೆ. ಸಂಧಿವಾತದಿಂದ ಕೈಬೆರಳೆಲ್ಲ ಸೊಟ್ಟಗಾದ ಮೇಲೆ ಎಂಟು ವರ್ಷದಿಂದ ಇಎಸ್‌ಎ, ಅಂದರೆ ಕಾಯಿಲೆಯಿಂದ ದುಡಿಯಲು ಕಷ್ಟವಾದವರಿಗೆ ಕೊಡುವ ಹಣ, ಬರುತ್ತಿದೆ. ಆದಾಯ ನೋಡಿ ಕೊಡುವ ಬಗೆಯದು, ಕೆಲಸ ಹುಡುಕು ಅಂತ ಒತ್ತಾಯಿಸದ ಸಪೋರ್ಟ್ ಗ್ರೂಪ್‌ನಲ್ಲಿದ್ದೇನೆ. ಬಾಡಿಗೆಗೆ ಹೌಸಿಂಗ್ ಬೆನಿಫಿಟ್, ಜೊತೆಗೆ ಅಂಗವೈಕಲ್ಯದಿಂದಾಗುವ ಹೆಚ್ಚಿನ ಖರ್ಚಿಗೆ ಕೊಡುವ ಪಿಪ್. ಎರಡು ವರ್ಷದಿಂದ ಒಂದು ಸೂಪರ್‌ಮಾರ್ಕೆಟ್‌ನ ವಿಚಾರಣೆ ಕೌಂಟರ್‌ನಲ್ಲಿ ವಾರಕ್ಕೆ ಹತ್ತು ಗಂಟೆ ಕೂರುತ್ತೇನೆ. ಗಂಟೆಗೆ 12.21 ಪೌಂಡ್, ನಾಲ್ಕು ವಾರಕ್ಕೊಮ್ಮೆ ಸಂಬಳ. ಫಾರಂ ತುಂಬಿ ತಿಳಿಸಿಯೇ ಸೇರಿದ್ದು. ಈಗ ಕಾಗದ ಬಂದಿದೆ: ಇಎಸ್‌ಎ ಮುಗಿಯುತ್ತೆ, ಇಂಥ ತಾರೀಕಿನೊಳಗೆ ಹಳೇ ಬೆನಿಫಿಟ್‌ಗಳ ಬದಲಿಗೆ ಬಂದ ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಿ ಅಂತ. ಕೆಲಸ ಬಿಟ್ಟುಬಿಡಲೇ? ಮತ್ತೆ ಆರೋಗ್ಯ ಪರೀಕ್ಷೆಗೆ ಕರೆಯುತ್ತಾರಾ? ಆರು ವಾರ ಊರಿಗೆ ಹೋಗಿಬರಬೇಕು ಅಂತಿದ್ದೆ, ಅದೂ ಹೋಯ್ತಾ?

ಉತ್ತರ: ಕೆಲಸ ಬಿಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಕಾಗದ ಕೈಗೆ ಬಂದ ವಾರವೇ ಹೆದರಿ ರಾಜೀನಾಮೆ ಕೊಟ್ಟು, ಆಮೇಲೆ "ಏನ್ ಮಾಡ್ಲಿ" ಅಂತ ಬರೆಯುವವರಿದ್ದಾರೆ. ಆಗ ಹೇಳುವುದಕ್ಕೆ ನನ್ನ ಹತ್ತಿರ ಹೆಚ್ಚೇನೂ ಇರುವುದಿಲ್ಲ.

ನಿಮ್ಮ ಭಯ ಎಲ್ಲಿಂದ ಬಂತು ಅಂತ ಗೊತ್ತು. ಇಎಸ್‌ಎ ಇದ್ದಾಗ ಕೆಲಸಕ್ಕೆ ಒಂದು ಗೋಡೆ ಇತ್ತು. ವಾರಕ್ಕೆ 16 ಗಂಟೆಗಿಂತ ಕಡಿಮೆ ಇರಬೇಕು, ದುಡಿಮೆ 195.50 ಪೌಂಡ್ ಮೀರಬಾರದು. ಅದರೊಳಗಿದ್ದರೆ ಬಿಡಿಗಾಸೂ ಕಡಿತವಿಲ್ಲ. ದಾಟಿದರೆ ಬೆನಿಫಿಟ್ಟೇ ಹೋಯ್ತು. ಪಕ್ಕದವರು ರಜೆ ಹಾಕಿದ್ದಾರೆ, ಎರಡು ಗಂಟೆ ಜಾಸ್ತಿ ಕೂರ್ತೀರಾ ಅಂತ ಮ್ಯಾನೇಜರ್ ಕೇಳಿದರೂ ಎದೆ ಡವಡವ. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಆ ಗೋಡೆ ಇಲ್ಲ. ಗಂಟೆ ಎಣಿಸುವುದೂ ಇಲ್ಲ. ಅದರ ಬದಲು ಒಂದು ಇಳಿಜಾರಿದೆ, ಮತ್ತೆ ನಿಮ್ಮ ಹತ್ತು ಗಂಟೆಯಲ್ಲೇ ಅದು ಶುರುವಾಗುತ್ತದೆ. ಅದನ್ನು ಮಾತ್ರ ಅರ್ಥ ಮಾಡಿಕೊಳ್ಳಬೇಕು.

ಹೇಗೆಂದರೆ, ಕಾಯಿಲೆಯಿಂದ ಕೆಲಸದ ಶಕ್ತಿ ಕುಗ್ಗಿದೆ ಅಂತ ಒಪ್ಪಿಕೊಂಡವರಿಗೆ ತಿಂಗಳಿಗೆ ಇಷ್ಟು ಸಂಬಳದವರೆಗೆ ಮುಟ್ಟುವುದಿಲ್ಲ ಅಂತ ಒಂದು ವರ್ಕ್ ಅಲೋವೆನ್ಸ್ ಇದೆ. ಬಾಡಿಗೆಗೂ ಯೂನಿವರ್ಸಲ್ ಕ್ರೆಡಿಟ್ ಕೊಡುತ್ತಿದ್ದರೆ ಅದು 411 ಪೌಂಡ್, ಬಾಡಿಗೆಯ ಭಾಗ ಇಲ್ಲದಿದ್ದರೆ 684. ನಿಮಗೆ 411. ಅದರ ಮೇಲೆ ದುಡಿದ ಪ್ರತಿ ಪೌಂಡ್‌ಗೆ 55 ಪೆನ್ಸ್ ಕಡಿತ. ನಿಮ್ಮ ನಾಲ್ಕು ವಾರದ ಸಂಬಳ 488.40 ಪೌಂಡ್ ಅಲ್ವಾ? 411 ಕಳೆದರೆ 77.40 ಉಳಿಯಿತು, ಅದರಲ್ಲಿ ನೂರಕ್ಕೆ 55 ಪಾಲು ಅಂದರೆ ಸುಮಾರು 43 ಪೌಂಡ್ ಬೆನಿಫಿಟ್‌ನಲ್ಲಿ ಕಡಿಮೆ. ಕೆಲಸ ಬಿಟ್ಟರೆ 43 ಉಳಿಸಲು ಹೋಗಿ 488 ಕಳೆದುಕೊಂಡ ಹಾಗೆ.

ಆದರೆ ನಾಲ್ಕು ವಾರಕ್ಕೊಮ್ಮೆ ಸಂಬಳ ಅಂದಿರಲ್ಲ, ಅಲ್ಲೊಂದು ತೊಡಕಿದೆ. ವರ್ಷಕ್ಕೆ 13 ಸಂಬಳ, ತಿಂಗಳು 12. ಯೂನಿವರ್ಸಲ್ ಕ್ರೆಡಿಟ್ ತಿಂಗಳ ಲೆಕ್ಕ ಹಾಕುತ್ತದೆ, ಆ ತಿಂಗಳಲ್ಲಿ ಯಾವ ಸಂಬಳ ಖಾತೆಗೆ ಬಿತ್ತೋ ಅದನ್ನಷ್ಟೇ ನೋಡುತ್ತದೆ. ಹಾಗಾಗಿ ವರ್ಷಕ್ಕೊಂದು ಸಲ ಒಂದೇ ತಿಂಗಳಲ್ಲಿ ಎರಡು ಸಂಬಳ ಬೀಳುತ್ತದೆ: 976.80 ಪೌಂಡ್. ಅಲೋವೆನ್ಸ್ ಮಾತ್ರ ಒಂದೇ. ಆಗಿನ ಕಡಿತ 43 ಅಲ್ಲ, ಸುಮಾರು 311. ಎರಡನೇ ಸಂಬಳ ನೋಡಿ ಹಬ್ಬ ಅಂದುಕೊಂಡು ಖರ್ಚು ಮಾಡಿದರೆ, ಮುಂದೆ ಬರುವ ಬೆನಿಫಿಟ್ ನೋಡಿ ಕಣ್ಣು ಕತ್ತಲಾಗುತ್ತದೆ. ಇವತ್ತೇ ಕ್ಯಾಲೆಂಡರ್ ತೆಗೆದು ಆ ತಿಂಗಳು ಯಾವುದು ಅಂತ ಕೆಂಪು ಗುರುತು ಹಾಕಿಡಿ. ನನ್ನ ಮಟ್ಟಿಗೆ ಇದು ಈ ಪದ್ಧತಿಯ ಅತಿ ಪೆದ್ದು ಭಾಗ. ತಿಂಗಳ ಸಂಬಳದವರಿಗೆ 2020ರಲ್ಲಿ ಕೋರ್ಟಿನ ತೀರ್ಪಿನ ನಂತರ ಸರಿ ಮಾಡಿದರು. ನಾಲ್ಕು ವಾರದವರನ್ನು ಹಾಗೇ ಬಿಟ್ಟರು.

ಇನ್ನು ಕಾಗದದ ತಾರೀಕು. ಬೇರೇನನ್ನಾದರೂ ಮರೆಯಿರಿ, ಇದನ್ನು ಮರೆಯಬೇಡಿ. ಕಾಗದದ ದಿನದಿಂದ ಮೂರು ತಿಂಗಳು ಸಮಯ ಇರುತ್ತದೆ. ಒಬ್ಬರೇ ಇದ್ದು, ಪಿಪ್‌ನಲ್ಲಿ ದಿನನಿತ್ಯದ ಆರೈಕೆಯ ಭಾಗ ಬರುತ್ತಿದ್ದು, ನಿಮ್ಮನ್ನು ನೋಡಿಕೊಳ್ಳುವುದಕ್ಕೆ ಅಂತ ಯಾರೂ ಹಣ ಪಡೆಯದಿದ್ದರೆ, ನಿಮ್ಮ ಇಎಸ್‌ಎ ಒಳಗೆ ಸಿವಿಯರ್ ಡಿಸೆಬಿಲಿಟಿ ಪ್ರೀಮಿಯಂ ಅಂತ ವಾರಕ್ಕೆ 82.90 ಪೌಂಡ್ ಕೂಡಿಕೊಂಡಿರುತ್ತದೆ. ಇಎಸ್‌ಎ ವಿವರದ ಕಾಗದ ತೆಗೆದು ನೋಡಿ. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಆ ಪ್ರೀಮಿಯಂ ಇಲ್ಲವೇ ಇಲ್ಲ. ಕಾಗದ ಬಂದ ಮೇಲೆ, ತಾರೀಕಿನೊಳಗೆ ಅರ್ಜಿ ಹಾಕಿದವರಿಗೆ ಹಳೆಯ ಮೊತ್ತಕ್ಕೂ ಹೊಸ ಮೊತ್ತಕ್ಕೂ ಇರುವ ವ್ಯತ್ಯಾಸ ತುಂಬಿಕೊಡುತ್ತಾರೆ. ಟ್ರಾನ್ಸಿಷನಲ್ ಪ್ರೊಟೆಕ್ಷನ್ ಅನ್ನುವುದು ಇದಕ್ಕೇ. ನಾನು ಮೇಲೆ ಹೇಳಿದ ಸಂಬಳದ ಕಡಿತವನ್ನೂ ಆ ಹೋಲಿಕೆಯಲ್ಲಿ ಸೇರಿಸುವುದರಿಂದ ಶುರುವಿನಲ್ಲಿ ನಿಮಗೆ ನಷ್ಟ ಆಗಬಾರದು. ತಾರೀಕು ತಪ್ಪಿದರೆ ಇನ್ನೊಂದು ತಿಂಗಳು ಕೊನೆಯ ಅವಕಾಶ ಇದೆ. ಅದೂ ದಾಟಿದರೆ ಈ ರಕ್ಷಣೆ ಹೋಯ್ತು, ಮತ್ತೆ ಬರುವುದಿಲ್ಲ. ಹಾಗೇ ಕಾಗದ ಬರುವ ಮೊದಲೇ ಯಾರದೋ ಮಾತು ಕೇಳಿ ತಾವಾಗಿಯೇ ಅರ್ಜಿ ಹಾಕಿ ಈ ಹಣ ಕಳೆದುಕೊಂಡವರೂ ಇದ್ದಾರೆ, ಅವರ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಈ ತುಂಬಿಕೊಡುವ ಮೊತ್ತ ಶಾಶ್ವತ ಅಲ್ಲ. ಬೇರೆ ಭಾಗಗಳು ಏರಿದಂತೆ ಇದು ಅಷ್ಟಷ್ಟೇ ಕರಗುತ್ತದೆ. ಯಾರ ಜೊತೆಗಾದರೂ ದಂಪತಿಯಾಗಿ ಸಂಸಾರ ಶುರು ಮಾಡಿದರೆ ನಿಂತೇ ಹೋಗುತ್ತದೆ.

ಪರೀಕ್ಷೆ? ಬೆನಿಫಿಟ್ ಬದಲಾಯಿತು ಅನ್ನುವ ಕಾರಣಕ್ಕೆ ಹೊಸ ಪರೀಕ್ಷೆ ಇಲ್ಲ. ಸಪೋರ್ಟ್ ಗ್ರೂಪ್‌ನಲ್ಲಿದ್ದವರು ಹಾಗೇ ನೇರವಾಗಿ ಯೂನಿವರ್ಸಲ್ ಕ್ರೆಡಿಟ್‌ನ ಅದೇ ಮಟ್ಟಕ್ಕೆ ಹೋಗುತ್ತಾರೆ, ಆ ಭಾಗ ತಿಂಗಳಿಗೆ 423.27 ಪೌಂಡ್, ಮೊದಲ ತಿಂಗಳಿಂದಲೇ. ಡಾಕ್ಟರ ಚೀಟಿಯೂ ಬೇಡ. ಅರ್ಜಿಯಲ್ಲಿ ಕೆಲಸಕ್ಕೆ ಅಡ್ಡಿಯಾಗುವ ಕಾಯಿಲೆ ಇದೆಯೇ ಅಂತ ಕೇಳಿದಾಗ "ನನಗೆ ಕೆಲಸ ಇದೆಯಲ್ಲ" ಅಂದುಕೊಂಡು ಇಲ್ಲ ಅನ್ನಬೇಡಿ, ಹೌದು ಅನ್ನಿ. ಇಎಸ್‌ಎ ಸಪೋರ್ಟ್ ಗ್ರೂಪ್ ಅಂತಲೂ ಬರೆಯಿರಿ. ಮುಂದೆ ಎಂದಾದರೂ ಮರುಪರೀಕ್ಷೆ ಬರಬಹುದು, ಅದು ಇಎಸ್‌ಎಯಲ್ಲೂ ಇತ್ತು. ಆಗ ನಿಮ್ಮ ಕೆಲಸದ ಬಗ್ಗೆ ಕೇಳಿಯೇ ಕೇಳುತ್ತಾರೆ. ನೀವು ಕೂತೇ ಕೆಲಸ ಮಾಡುತ್ತೀರಿ, ಪೆಟ್ಟಿಗೆ ಎತ್ತುವುದಿಲ್ಲ, ಕೈ ಊದಿದ ದಿನ ಬೇರೆಯವರು ಟೈಪ್ ಮಾಡುತ್ತಾರೆ ಅನ್ನುವಂಥದ್ದೇನಾದರೂ ಇದ್ದರೆ ಮ್ಯಾನೇಜರ್ ಹತ್ತಿರ ಒಂದು ಪುಟದ ಪತ್ರ ಈಗಲೇ ಬರೆಸಿಟ್ಟುಕೊಳ್ಳಿ. ಆ ಮ್ಯಾನೇಜರ್ ಬದಲಾದ ಮೇಲೆ ಕೇಳಿದರೆ ಸಿಗುವುದಿಲ್ಲ.

ಹಣ ಕೈಗೆ ಬರುವ ರೀತಿ ಬದಲಾಗುತ್ತದೆ. ಇಎಸ್‌ಎ ಎರಡು ವಾರಕ್ಕೊಮ್ಮೆ, ಇದು ತಿಂಗಳಿಗೊಮ್ಮೆ, ಮೊದಲನೆಯದು ಬರಲು ಸುಮಾರು ಐದು ವಾರ. ನಡುವೆ ಇಎಸ್‌ಎ ಮತ್ತು ಹೌಸಿಂಗ್ ಬೆನಿಫಿಟ್ ಎರಡು ವಾರ ಮುಂದುವರಿಯುತ್ತವೆ, ಅದನ್ನು ವಾಪಸ್ ಕೇಳುವುದಿಲ್ಲ. ಸಾಲದಿದ್ದರೆ ಅಡ್ವಾನ್ಸ್ ಕೊಡುತ್ತಾರೆ, ಆದರೆ ಅದು ಸಾಲ, ತಿಂಗಳು ತಿಂಗಳು ಹಿಡಿದುಕೊಳ್ಳುತ್ತಾರೆ. ಬಾಡಿಗೆ ಹಣ ಇನ್ನು ನಿಮ್ಮ ಖಾತೆಗೇ ಬರುತ್ತದೆ, ಮನೆ ಮಾಲೀಕರಿಗೆ ನೀವೇ ಕಟ್ಟಬೇಕು. ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಮನೆ ತೆರಿಗೆ) ರಿಯಾಯಿತಿಯನ್ನು ಕೌನ್ಸಿಲ್‌ಗೇ ಬೇರೆ ಕೇಳಬೇಕು, ಇದನ್ನು ಮರೆಯುವವರು ಬಹಳ. ಎಲ್ಲ ವ್ಯವಹಾರ ಆನ್‌ಲೈನ್. ಬೆರಳಿನಿಂದ ಕಷ್ಟ ಆದರೆ ಫೋನ್‌ನಲ್ಲೇ ಅರ್ಜಿ ಕೊಡುವ ವ್ಯವಸ್ಥೆ ಇದೆ, ಸಂಕೋಚ ಬೇಡ. ಸಿಟಿಜನ್ಸ್ ಅಡ್ವೈಸ್ ಅನ್ನುವ ಸಲಹಾ ಸಂಸ್ಥೆಯವರ ಹೆಲ್ಪ್ ಟು ಕ್ಲೇಮ್ ಅನ್ನುವ ಸಹಾಯವೂ ಉಚಿತ.

ಪಿಪ್‌ಗೂ ಇದಕ್ಕೂ ಸಂಬಂಧ ಇಲ್ಲ. ಅದು ಆದಾಯ ನೋಡುವುದಿಲ್ಲ, ಹಾಗೇ ಬರುತ್ತಿರುತ್ತದೆ.

ಊರಿಗೆ ಹೋಗಿ, ಆದರೆ ಆರು ವಾರ ಬೇಡ. ಯೂನಿವರ್ಸಲ್ ಕ್ರೆಡಿಟ್ ಇದ್ದುಕೊಂಡು ಹೊರದೇಶದಲ್ಲಿ ಒಂದು ತಿಂಗಳವರೆಗೆ ಇರಬಹುದು. ಹತ್ತಿರದ ಸಂಬಂಧಿಕರು ತೀರಿಕೊಂಡು ವಾಪಸ್ ಬರುವುದು ಕಷ್ಟವಾದರೆ ಇನ್ನೊಂದು ತಿಂಗಳು. ಪಿಪ್‌ಗೆ 13 ವಾರ, ಆದ್ದರಿಂದ ಅದರ ಚಿಂತೆ ಇಲ್ಲ. ಟಿಕೆಟ್ ತೆಗೆಯುವಾಗ ನಾಲ್ಕು ವಾರದೊಳಗೆ ವಾಪಸ್ ಬರುವ ಹಾಗೆ ನೋಡಿ, ಹೋಗುವ ಮೊದಲು ಯೂನಿವರ್ಸಲ್ ಕ್ರೆಡಿಟ್ ಖಾತೆಯ ಆನ್‌ಲೈನ್ ಜರ್ನಲ್‌ನಲ್ಲಿ ಎರಡು ಸಾಲು ಬರೆದು ಹೋಗಿ. ಸಾಧ್ಯವಿದ್ದರೆ ಅರ್ಜಿ ಹಾಕಿ ಮೊದಲ ಹಣ ಬಂದ ಮೇಲೆ ಹೊರಡಿ. ಸಾಗರದಲ್ಲಿ ಕೂತು ಬ್ರಿಟನ್ ಫೋನ್ ನಂಬರ್‌ಗೆ ಬರುವ ಓಟಿಪಿ ಕಾಯುವುದು ಯಾರಿಗೂ ಬೇಡ.

ಪ್ರಶ್ನೆ: ನನಗೂ ಇಂಥದ್ದೇ ಕಾಗದ ಬಂದಿದೆ. ಊರಲ್ಲಿ ಅಪ್ಪನ ಮನೆಯಲ್ಲಿ ನನಗೂ ತಮ್ಮನಿಗೂ ಅರ್ಧರ್ಧ ಪಾಲಿದೆ, ಅಮ್ಮ ಅಲ್ಲೇ ಇದ್ದಾರೆ, ಅವರಿಗೆ 74. ಮೈಸೂರಿನ ಹೊರಗೆ ನನ್ನ ಹೆಸರಲ್ಲಿ ಒಂದು ಖಾಲಿ ಸೈಟೂ ಇದೆ. ಇಂಡಿಯಾದ್ದನ್ನೆಲ್ಲ ಹೇಳಬೇಕಾ?

ಉತ್ತರ: ಹೇಳಬೇಕು. "ಇಲ್ಲಿಯವರಿಗೆ ಹೇಗೆ ಗೊತ್ತಾಗುತ್ತೆ" ಅನ್ನುವ ಮಾತನ್ನು ಪ್ರತಿ ಯುಗಾದಿ ಕೂಟದಲ್ಲೂ ಯಾರಾದರೂ ಒಬ್ಬರು ಹೇಳುತ್ತಾರೆ. ಗೊತ್ತಾದ ದಿನ ಅಷ್ಟೂ ವರ್ಷದ ಹಣ ವಾಪಸ್ ಕೇಳುತ್ತಾರೆ, ಜೊತೆಗೆ ವಂಚನೆಯ ಕೇಸು.

ಮನೆಯ ವಿಷಯದಲ್ಲಿ ನಿಮಗೆ ಸಮಾಧಾನ ಇದೆ. ಪಿಂಚಣಿ ವಯಸ್ಸು ದಾಟಿದ ಹತ್ತಿರದ ಸಂಬಂಧಿಕರು ಅದನ್ನೇ ಮನೆ ಮಾಡಿಕೊಂಡು ವಾಸ ಇದ್ದರೆ ಅದರ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮ್ಮ ಅಲ್ಲಿರುವವರೆಗೆ ನಿಮ್ಮ ಪಾಲು ತೊಂದರೆ ಇಲ್ಲ. ಸೈಟ್ ಹಾಗಲ್ಲ. ಅದು ಬಂಡವಾಳ. ಮಾರಿದರೆ ಬರುವ ಬೆಲೆ, ಅದರಲ್ಲಿ ಮಾರುವ ಖರ್ಚಿಗೆ ಅಂತ ನೂರಕ್ಕೆ ಹತ್ತು ಕಳೆದು, ಅದರ ಮೇಲೆ ಸಾಲ ಇದ್ದರೆ ಅದನ್ನೂ ಕಳೆದು, ಬ್ಯಾಂಕಿನ ಉಳಿತಾಯದ ಜೊತೆ ಕೂಡಿಸುತ್ತಾರೆ. ಒಟ್ಟು 6,000 ಪೌಂಡ್ ಒಳಗಿದ್ದರೆ ಚಿಂತೆ ಇಲ್ಲ. ಅದರ ಮೇಲೆ ಪ್ರತಿ 250ಕ್ಕೆ ತಿಂಗಳಿಗೆ 4.35 ಪೌಂಡ್ ಕಡಿತ. 16,000 ದಾಟಿದರೆ ಯೂನಿವರ್ಸಲ್ ಕ್ರೆಡಿಟ್ ಇಲ್ಲ. ಮೈಸೂರಿನ ಸುತ್ತ ಈಗಿನ ಸೈಟ್ ರೇಟು ನಿಮಗೇ ಗೊತ್ತು, ನಾನು ಹೇಳಬೇಕಾಗಿಲ್ಲ. ತಮ್ಮನ ಹೆಸರಿಗೆ ಬರೆದುಬಿಡೋಣ ಅಂತ ಯೋಚಿಸಬೇಡಿ. ಬೆನಿಫಿಟ್‌ಗಾಗಿ ಆಸ್ತಿ ಕೈಬಿಟ್ಟರೆ ಅದು ಇನ್ನೂ ನಿಮ್ಮದೇ ಅಂತ ಲೆಕ್ಕ ಹಾಕುತ್ತಾರೆ. ಇಎಸ್‌ಎ ಆದಾಯ ನೋಡುವ ಬಗೆಯದಾಗಿದ್ದರೆ ಅದಕ್ಕೂ ಇದೇ 16,000ದ ಮಿತಿ ಇತ್ತು. ಆಗ ಹೇಳಿರದಿದ್ದರೆ ಅರ್ಜಿ ಹಾಕುವ ಮೊದಲು ಸಲಹೆ ಕೇಂದ್ರಕ್ಕೆ ಹೋಗಿ ಕೂತು ಮಾತಾಡಿ.

ಇಲ್ಲೇ ಇನ್ನೊಂದು ಮಾತು, ವೀಸಾ ಮೇಲಿರುವವರಿಗೆ. ನಿಮ್ಮ ವೀಸಾದಲ್ಲಿ ಸಾರ್ವಜನಿಕ ನಿಧಿ ಪಡೆಯುವಂತಿಲ್ಲ ಅಂತ ಷರತ್ತಿದ್ದರೆ ಯೂನಿವರ್ಸಲ್ ಕ್ರೆಡಿಟ್ ಅಷ್ಟೇ ಅಲ್ಲ, ಪಿಪ್ ಕೂಡ ಅದರಲ್ಲಿ ಸೇರಿದೆ. ಸುಮ್ನೆ ಹಾಕಿ ನೋಡೋಣ ಅಂತ ಹಾಕಬೇಡಿ, ವೀಸಾಗೇ ಪೆಟ್ಟು.

ಪ್ರಶ್ನೆ: ಮಗನಿಗೆ ಆಟಿಸಂ, ಮುಂದಿನ ತಿಂಗಳು 16 ತುಂಬುತ್ತದೆ. ಅಂಗವೈಕಲ್ಯ ಇರುವ ಮಕ್ಕಳಿಗೆ ಕೊಡುವ ಡಿಎಲ್‌ಎ ನಿಲ್ಲುತ್ತಂತೆ. ಶನಿವಾರ ನಾಲ್ಕು ಗಂಟೆ ಒಂದು ಕೆಫೆಯಲ್ಲಿ ಕೆಲಸಕ್ಕೆ ಸೇರಿಸಿದ್ದೇನೆ. ಅದು ಅವನ ಪಿಪ್‌ಗೆ ಅಡ್ಡಿಯಾಗುತ್ತಾ? ನಾನು ಅವನನ್ನು ನೋಡಿಕೊಳ್ಳುವುದಕ್ಕೆ ಸಿಗುವ ಕೇರರ್ಸ್ ಅಲೋವೆನ್ಸ್ ತಗೊಂಡು ಅರ್ಧ ದಿನ ಕೆಲಸ ಮಾಡುತ್ತೇನೆ. ಮನೆ ರೀಡಿಂಗ್‌ನಲ್ಲಿ.

ಉತ್ತರ: ಡಿಎಲ್‌ಎ ತಾನಾಗಿ ಪಿಪ್ ಆಗುವುದಿಲ್ಲ, ಅರ್ಜಿ ಹಾಕಬೇಕು. ಕಾಗದ ಬಂದಾಗ ಅದರಲ್ಲಿರುವ ಗಡುವಿನೊಳಗೆ ಹಾಕಿದರೆ ತೀರ್ಮಾನ ಬರುವವರೆಗೆ ಡಿಎಲ್‌ಎ ಮುಂದುವರಿಯುತ್ತದೆ. ಸ್ಕಾಟ್ಲೆಂಡ್‌ನಲ್ಲಿ ವ್ಯವಸ್ಥೆಯೇ ಬೇರೆ, ನೀವು ಇಂಗ್ಲೆಂಡ್‌ನಲ್ಲಿರುವುದರಿಂದ ಅದನ್ನು ಬಿಡಿ. ಹಣ ಮಗನ ಪರವಾಗಿ ನೀವೇ ನೋಡಿಕೊಳ್ಳುತ್ತೀರಾ ಅಂತಲೂ ಕೇಳುತ್ತಾರೆ. ಅವನಿಗೆ ಆಗುವುದಿಲ್ಲ ಅಂದರೆ ಹೌದು ಅನ್ನಿ.

ಶನಿವಾರದ ಸಂಬಳಕ್ಕೆ ಪಿಪ್ ತಲೆ ಕೆಡಿಸಿಕೊಳ್ಳುವುದಿಲ್ಲ. ಅವರು ನೋಡುವುದು ಅಡುಗೆ, ಸ್ನಾನ, ಜನರ ಜೊತೆ ಬೆರೆಯುವುದು, ಒಬ್ಬನೇ ದಾರಿ ಹುಡುಕಿಕೊಂಡು ಹೋಗುವುದು, ಇಂಥವು. ಒಂದೊಂದಕ್ಕೂ ಅಂಕ. 8 ಬಂದರೆ ಸ್ಟ್ಯಾಂಡರ್ಡ್ ದರ, 12 ಬಂದರೆ ಹೆಚ್ಚಿನದು. ಹಾಗಾಗಿ ಕೆಫೆಯ ಬಗ್ಗೆ ಬರೆಯುವಾಗ ಪೂರ್ತಿ ಬರೆಯಿರಿ. ಯಾರು ಕರೆದುಕೊಂಡು ಹೋಗಿ ಬಿಡುತ್ತಾರೆ, ಗದ್ದಲ ಜಾಸ್ತಿಯಾದಾಗ ಏನು ಮಾಡುತ್ತಾನೆ, ಗಿರಾಕಿಗಳ ಹತ್ತಿರ ಮಾತಾಡುತ್ತಾನಾ ಅಥವಾ ಒಳಗೆ ಪಾತ್ರೆ ತೊಳೆಯುತ್ತಾನಾ. "ಕೆಫೆಯಲ್ಲಿ ಕೆಲಸ ಮಾಡುತ್ತಾನೆ" ಅಂತ ಒಂದೇ ಸಾಲು ಬರೆದರೆ ಓದುವವರು ತಮಗೆ ಬೇಕಾದ ಚಿತ್ರ ಕಟ್ಟಿಕೊಳ್ಳುತ್ತಾರೆ. ಮಗನ ಬಗ್ಗೆ ಒಳ್ಳೆಯದನ್ನೇ ಹೇಳಿ ಅಭ್ಯಾಸವಾದ ನಮ್ಮ ತಾಯಂದಿರಿಗೆ ಈ ಫಾರಂ ತುಂಬುವುದು ಕಷ್ಟ. ಆದರೂ ಅವನ ಕೆಟ್ಟ ದಿನಗಳನ್ನೂ ಬರೆಯಲೇಬೇಕು.

ನನಗೆ ಚಿಂತೆ ಆಗಿದ್ದು ಮಗನ ಕೆಲಸದ ಬಗ್ಗೆ ಅಲ್ಲ, ನಿಮ್ಮದರ ಬಗ್ಗೆ. ಕೇರರ್ಸ್ ಅಲೋವೆನ್ಸ್ ವಾರಕ್ಕೆ 83.30 ಪೌಂಡ್. ತೆರಿಗೆ ಇತ್ಯಾದಿ ಕಳೆದ ಮೇಲೆ ನಿಮ್ಮ ದುಡಿಮೆ ವಾರಕ್ಕೆ 196 ಮೀರಬಾರದು. ಇಲ್ಲಿ ಇಳಿಜಾರಿಲ್ಲ, ಒಂದು ಪೌಂಡ್ ದಾಟಿದರೂ ಆ ವಾರದ ಪೂರ್ತಿ ಹಣ ಹೋಗುತ್ತದೆ. ಸಂಬಳ ಏರಿದಾಗಲೆಲ್ಲ ಲೆಕ್ಕ ಹಾಕಿ. ಮಗನ ಪಿಪ್‌ನಲ್ಲಿ ದಿನನಿತ್ಯದ ಆರೈಕೆಯ ಭಾಗ ಸಿಗದಿದ್ದರೆ ನಿಮ್ಮ ಅಲೋವೆನ್ಸೂ ನಿಲ್ಲುತ್ತದೆ. ಹಾಗೇನಾದರೂ ಆದರೆ ತೀರ್ಮಾನದ ಕಾಗದದ ದಿನದಿಂದ ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಿ, ಅಲ್ಲೂ ಆಗದಿದ್ದರೆ ಟ್ರಿಬ್ಯುನಲ್‌ಗೆ ಹೋಗಬಹುದು.